ಪಿರಮಿಡ್ಡಿನ ಅಡಿಯ ‘ಬಾವಿಗಳು’ ಮತ್ತು ಬೀದರಿನ ಕರೇಜ್

ಮಾನ್ಯ ಸಂಪಾದಕರೇ,

ಈಜಿಪ್ಟಿನ ಗೀಜಾದಲ್ಲಿರುವ ಖಾಫ್ರೆ ಪಿರಮಿಡ್ಡಿನ ಕೆಳಗೆ ಆರುನೂರು ಮೀಟರಿಗೂ ಹೆಚ್ಚು ಆಳದ ಎಂಟು ಬಾವಿಗಳೂ ಅವುಗಳ ಬುಡದಲ್ಲಿ ಬೃಹತ್ ಘನಾಕೃತಿಗಳೂ ಇವೆಯೆಂದು ಇಟಲಿಯ ಕೊರಾಡೊ ಮಲಾಂಗಾ, ಫಿಲಿಪ್ಪೊ ಬಿಯೊಂಡಿ ಮತ್ತವರ ಸಂಗಡಿಗರು 2025ರ ಮಾರ್ಚ್‌ನಲ್ಲಿ ಪತ್ರಿಕಾಗೋಷ್ಠಿಯಲ್ಲಿ ಘೋಷಿಸಿದರು. ಅದರ ಬಣ್ಣದ ಚಿತ್ರಗಳು ಕನ್ನಡ ವಿವರಣೆಯೊಂದಿಗೆ ಇಂದಿಗೂ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿವೆ. ಬೀದರಿನ ಶಾಲಾಮಕ್ಕಳೂ ಇದನ್ನು ಸಾಬೀತಾದ ಸಂಗತಿಯೆಂಬಂತೆ ಹೇಳುವುದನ್ನು ಕೇಳಿ ಈ ಪತ್ರ ಬರೆಯುತ್ತಿದ್ದೇನೆ.

ಈಜಿಪ್ಟಿನ ಮಾಜಿ ಪುರಾತತ್ವ ಸಚಿವ ಜಾಹಿ ಹವಾಸ್ ಇದು ನಿರಾಧಾರವೆಂದು ಆಗಲೇ ತಳ್ಳಿಹಾಕಿದರು. ಅವರು ಹೇಳಿದರೆಂದೇ ಒಪ್ಪಬೇಕಾಗಿಲ್ಲ, ಇಟಲಿಯ ತಂಡ ಬಳಸಿದ ಉಪಗ್ರಹ ರೇಡಾರ್‌ನ ವಿಧಾನವನ್ನೇ ನೋಡೋಣ. 1981ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯ ರೇಡಾರ್ ಸಹಾರಾದ ಮರಳಿನಡಿ ಹೂತುಹೋಗಿದ್ದ ಹಳೆಯ ನದೀಪಾತ್ರಗಳನ್ನು ಕಂಡದ್ದು ನಿಜ. ಆದರೆ ಆ ಮರಳು ತೀರಾ ಒಣಗಿತ್ತು, ರೇಡಾರ್ ಅಲೆಯ ಉದ್ದ 23 ಸೆಂಟಿಮೀಟರ್ ಇತ್ತು (ಅಲೆ ಉದ್ದವಾದಷ್ಟೂ ಹೆಚ್ಚು ಆಳಕ್ಕೆ ಇಳಿಯುತ್ತದೆ), ಹಾಗಿದ್ದೂ ಅದು ಇಳಿದದ್ದು ಕೆಲವೇ ಮೀಟರ್. ಇಟಲಿಯ ತಂಡದವರು ಅಲೆ ಬಂಡೆಯೊಳಗೆ ಇಳಿಯಿತೆಂದು ಹೇಳುವುದಿಲ್ಲ. ನೆಲದ ಮೇಲ್ಮೈಯ ಅತಿ ಸೂಕ್ಷ್ಮ ಕಂಪನಗಳನ್ನು ಉಪಗ್ರಹದಿಂದ ಅಳೆದು ಒಳಗಿನ ಆಕಾರವನ್ನು ಲೆಕ್ಕ ಹಾಕಿದ್ದಾಗಿ ಹೇಳುತ್ತಾರೆ. ಹಾಗಿದ್ದರೆ ಒಳಗೇನಿದೆಯೆಂದು ಮೊದಲೇ ಗೊತ್ತಿರುವ ಜಾಗವೊಂದರ ಮೇಲೆ ಆ ಲೆಕ್ಕ ತಾಳೆಯಾಗುವುದನ್ನು ಇತರ ತಜ್ಞರ ಎದುರಿಗೆ ತೋರಿಸಬೇಕು.

ಅಂಥ ಜಾಗ ನಮ್ಮ ಬೀದರಿನ ನೌಬಾದಿನಲ್ಲೇ ಇದೆ. ಬಹಮನಿಗಳ ಕಾಲದ ಕರೇಜ್, ಜನ ಸುರಂಗ ಬಾವಿ ಎನ್ನುವ ಆ ನೀರಿನ ವ್ಯವಸ್ಥೆ, ಜಂಬಿಟ್ಟಿಗೆ ಕಲ್ಲಿನೊಳಗೆ ಕಿಲೋಮೀಟರುಗಟ್ಟಲೆ ಸಾಗುತ್ತದೆ. ಮಳೆನೀರು ಸರಂಧ್ರವಾದ ಜಂಬಿಟ್ಟಿಗೆಯಲ್ಲಿ ಇಂಗಿ ಕೆಳಗಿನ ಕಪ್ಪುಕಲ್ಲಿನ ಪದರದ ಮೇಲೆ ನಿಲ್ಲುತ್ತದೆ. ಆ ನೀರನ್ನು ಸಣ್ಣ ಇಳಿಜಾರಿನಲ್ಲಿ ಹರಿಸಲೆಂದು ಸುರಂಗ ಕೊರೆದು, ಗಾಳಿ ಬೆಳಕಿಗಾಗಿ ಮೇಲಿನಿಂದ ಸಾಲಾಗಿ ಬಾವಿಗಳನ್ನು ತೋಡಿದ್ದಾರೆ. ಅವುಗಳ ಬಾಯಿ ಕಣ್ಣಿಗೆ ಕಾಣುತ್ತದೆ, ಆಳವನ್ನು ಹಗ್ಗ ಬಿಟ್ಟು ಅಳೆಯಬಹುದು, ಹೂಳು ತೆಗೆದಿರುವಲ್ಲಿ ಮನುಷ್ಯರೇ ಒಳಗೆ ಇಳಿದು ನಡೆದಿದ್ದಾರೆ. ಉಪಗ್ರಹದ ಲೆಕ್ಕವು ಈ ಬಾವಿಗಳನ್ನು, ಸ್ಥಳ ಮೊದಲೇ ತಿಳಿಸದೆ, ಸರಿಯಾಗಿ ಗುರುತಿಸಿದರೆ ಆ ವಿಧಾನವನ್ನು ನಾನು ಗೌರವದಿಂದ ಕಾಣುತ್ತೇನೆ.

ನೆಲದಡಿಯ ಅಚ್ಚರಿಗಳನ್ನು ನಾನು ಅಲ್ಲಗಳೆಯುವವನಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ವರ್ಷಗಟ್ಟಲೆ ಉತ್ಖನನ ನಡೆಸಿದ ಮೇಲೆ ಮಹಾಸ್ತೂಪವೂ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಶಿಲ್ಪವೂ ಹೊರಬಂದವು. ಗೀಜಾದ ಮಹಾ ಪಿರಮಿಡ್ಡಿನಲ್ಲೂ ಆಕಾಶದಿಂದ ಬಂದು ಕಲ್ಲನ್ನೂ ಹಾದುಹೋಗುವ ಮ್ಯೂಆನ್ ಕಣಗಳ ಮಾಪನದಿಂದ ಸುಳಿವು ಸಿಕ್ಕಿದ್ದ 9 ಮೀಟರ್ ಉದ್ದದ ಓಣಿಯನ್ನು, ಕಲ್ಲಿನ ಸಂದಿಯಲ್ಲಿ ಪುಟ್ಟ ಕ್ಯಾಮೆರಾ ತೂರಿಸಿ ಕಣ್ಣಾರೆ ನೋಡಿದ ಮೇಲೆಯೇ 2023ರಲ್ಲಿ ಖಚಿತಪಡಿಸಲಾಯಿತು.

ಇಂಥ ಸುದ್ದಿಗಳನ್ನು ನಿರುಪದ್ರವಿ ಎಂದು ಬಿಡಲು ನಮ್ಮ ಭಾಗದವರಿಗೆ ಸಾಧ್ಯವಿಲ್ಲ. ಪ್ರತಿ ಕೋಟೆಯಡಿ ರಹಸ್ಯ ಸುರಂಗ, ಪ್ರತಿ ಗುಂಬಜಿನಡಿ ಬಂಗಾರ ಎಂಬ ಮಾತನ್ನು ನಂಬಿ ರಾತ್ರೋರಾತ್ರಿ ಅಗೆಯುವವರಿದ್ದಾರೆ. ಊರಾಚೆಯ ಹಳೆಯ ಗೋರಿಯೊಂದರಲ್ಲಿ ನೆಲಹಾಸಿನ ಕಲ್ಲುಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದನ್ನು, ನಡುವೆ ಸೊಂಟದಾಳದ ಗುಂಡಿಯಲ್ಲಿ ಬರೀ ಕೆಂಪು ಮಣ್ಣಿದ್ದುದನ್ನು ನಾನೇ ನೋಡಿದ್ದೇನೆ. ಆ ಗೋಡೆ ಮುಂದಿನ ಮಳೆಗಾಲ ದಾಟಲಿಲ್ಲ.

ಆದ್ದರಿಂದ ಇಂಥ ವರದಿಗಳನ್ನು ಪ್ರಕಟಿಸುವಾಗ, ಆ ಸಂಶೋಧನೆಯನ್ನು ಬೇರೆ ತಜ್ಞರು ಪರಿಶೀಲಿಸಿದ್ದಾರೆಯೇ, ಸ್ಥಳದಲ್ಲಿ ಯಾರಾದರೂ ಅಗೆದೋ ಇಳಿದೋ ನೋಡಿದ್ದಾರೆಯೇ ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಓದುಗ, ಬೀದರ್