ಜೀಪಿನ ರೇಡಿಯೋ ಮಾತಾಡಿತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಹೋದ ಭಾನುವಾರ, ನಮ್ಮ ಹಳೇ ಮಿಲಿಟರಿ ಜೀಪಿನಲ್ಲಿ ಕೂರಿಸಿದ ಯುದ್ಧಕಾಲದ ರೇಡಿಯೋ ಕೊನೆಗೂ ಮಾತಾಡಿತು. ಅದರ ವಿಡಿಯೋ ಹಾಕಿದ ಮೇಲೆ ಎಷ್ಟೊಂದು ಜನ ಫೋನ್ ಮಾಡಿದಿರಿ, ಮೆಸೇಜ್ ಹಾಕಿದಿರಿ. ಒಬ್ಬೊಬ್ಬರಿಗೂ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಜೀಪ್ ರಿಪೇರಿ ಕಥೆ, ಅಪ್ಪನ ಆಸ್ಪತ್ರೆ ಕಥೆ ಎರಡೂ ನಿಮಗೆ ಗೊತ್ತಿರುವುದೇ, ಅದನ್ನು ಮತ್ತೆ ಎಳೆಯುವುದಿಲ್ಲ. ಯಾರು ಜೊತೆಗಿದ್ದರು ಅನ್ನುವುದನ್ನಷ್ಟೇ ಹೇಳಬೇಕು.

ಇಷ್ಟೆಲ್ಲ ಕಷ್ಟಪಟ್ಟು ರೇಡಿಯೋ ಯಾಕೆ ಅಂತ ಕೇಳಿದವರಿಗೆ ಮೊದಲು ಉತ್ತರ ಕೊಡುತ್ತೇನೆ. ಎರಡನೇ ಮಹಾಯುದ್ಧದ ಕಾಲದ ಈ ಫೋರ್ಡ್ ಜಿಪಿಡಬ್ಲ್ಯೂ ಜೀಪನ್ನು ಅಪ್ಪ ಮಿಲಿಟರಿಯ ಹಳೇ ಸಾಮಾನಿನ ಡಿಸ್ಪೋಸಲ್ ಹರಾಜಿನಲ್ಲಿ ಹಿಡಿದದ್ದು. ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಗೊಬ್ಬರ, ಸಸಿ, ಆಳುಗಳನ್ನು ಹೊತ್ತುಕೊಂಡೇ ಅದರ ಅರ್ಧ ಆಯುಸ್ಸು ಕಳೆಯಿತು. ಬಾನೆಟ್ ಮೇಲಿನ ಬಣ್ಣವನ್ನು ಎಮರಿ ಪೇಪರ್‌ನಲ್ಲಿ ತಿಕ್ಕುತ್ತಾ ಹೋದಾಗ ತಳದಲ್ಲಿ ಹಳೇ ಮಿಲಿಟರಿ ನಂಬರ್ ಕಾಣಿಸಿತು. ಅದರ ಕೊನೆಗೆ ‘ಎಸ್’ ಅಂತ ಒಂದು ಬಿಳಿ ಅಕ್ಷರ. ಎಂಜಿನ್ನಿನ ಕಿಡಿಯ ಗಲಾಟೆ ರೇಡಿಯೋಗೆ ಹತ್ತದ ಹಾಗೆ ತಯಾರು ಮಾಡಿದ ಗಾಡಿ ಅನ್ನುವುದಕ್ಕೆ ಅದು ಗುರುತು. ಅಂದರೆ ಈ ಗಾಡಿ ಹುಟ್ಟುವಾಗಲೇ ರೇಡಿಯೋ ಲೆಕ್ಕದಲ್ಲಿತ್ತು. ಖಾಲಿ ಡಬ್ಬ ಕೂರಿಸಿ ಫೋಟೋ ತೆಗೆಸಿಕೊಳ್ಳುವುದು ನನಗೆ ಬೇಡವಾಗಿತ್ತು. ಅಪ್ಪನಿಗಂತೂ ಬೇಡವೇ ಬೇಡ. “ಕೂರಿಸಿದರೆ ಕೇಳಬೇಕು” ಅಂದಿದ್ದರು.

ಸಿಕ್ಕಿದ್ದು ವೈರ್‌ಲೆಸ್ ಸೆಟ್ ನಂಬರ್ 19. 1940ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಪೈ ಕಂಪನಿ ಟ್ಯಾಂಕುಗಳಿಗೆ ಅಂತ ರೂಪಿಸಿದ ಸೆಟ್ ಅದು. ನಮಗೆ ಸಿಕ್ಕಿದ್ದು ಕೆನಡಾದಲ್ಲಿ ತಯಾರಾದದ್ದು. ರಷ್ಯಾಕ್ಕೂ ಕಳಿಸುತ್ತಿದ್ದರಿಂದ ಮುಂಭಾಗದಲ್ಲಿ ಇಂಗ್ಲಿಷ್ ಜೊತೆ ರಷ್ಯನ್ ಅಕ್ಷರಗಳೂ ಇವೆ. ಅಮೆರಿಕದ ಜೀಪಿಗೆ ಬ್ರಿಟಿಷ್ ಸೆಟ್ ಹೊಂದುತ್ತಾ ಅಂತ ಇಬ್ಬರು ಕೇಳಿದ್ದಿರಿ. ಹೊಂದುತ್ತದೆ. ಬ್ರಿಟಿಷರ ಸೈನ್ಯಕ್ಕೆ ಜೀಪು ಬಂದದ್ದೇ ಅಮೆರಿಕದಿಂದ. ಅವರು ತಮ್ಮ ಸೆಟ್ಟುಗಳನ್ನೇ ಅದರಲ್ಲಿ ಇಟ್ಟುಕೊಂಡರು. ಜೀಪಿನದು 6 ವೋಲ್ಟ್, ಸೆಟ್ಟಿಗೆ ಬೇಕಾದದ್ದು 12 ವೋಲ್ಟ್. ಹಾಗಾಗಿ ಹಿಂದುಗಡೆ ಬೇರೆಯೇ ಬ್ಯಾಟರಿ ಇಟ್ಟಿದ್ದೇವೆ.

ಈಗ ಕಾಕಾ ವಿಷಯಕ್ಕೆ ಬರುತ್ತೇನೆ. “ನನ್ನ ಹೆಸರು ಹಾಕಬೇಡ ತಮ್ಮಾ” ಅಂದಿದ್ದಾರೆ, ಹಾಕುವುದಿಲ್ಲ. ಸುಟ್ಟ ಮೋಟರ್‌ಗಳಿಗೆ ಹೊಸ ತಂತಿ ಸುತ್ತಿಕೊಡುವವರು ಅವರು. ಹಳೇ ಪಿ.ಬಿ. ರಸ್ತೆ ಕಡೆ ಮೋಟರ್ ವೈಂಡಿಂಗ್ ಅಂಗಡಿ ಅಂದರೆ ದಾವಣಗೆರೆಯವರಿಗೆ ಅಷ್ಟು ಸಾಕು.

ಈ ಸೆಟ್ಟಿಗೆ ಬ್ಯಾಟರಿಯ 12 ವೋಲ್ಟ್ ನೇರವಾಗಿ ಸಾಲುವುದಿಲ್ಲ. ರಿಸೀವರ್ ವಾಲ್ವುಗಳಿಗೆ (ಹಳೇ ರೇಡಿಯೋಗಳ ಗಾಜಿನ ಬುರುಡೆಗಳು) 275 ವೋಲ್ಟ್ ಆಸುಪಾಸು ಬೇಕು, ಟ್ರಾನ್ಸ್‌ಮಿಟರ್‌ನ 807 ವಾಲ್ವಿಗೆ 500ರ ಆಸುಪಾಸು. ಅದನ್ನು ಕೊಡುವುದಕ್ಕೆ ಸಪ್ಲೈ ಡಬ್ಬದೊಳಗೆ ತಿರುಗುವ ಯಂತ್ರ ಇದೆ. ಅದರೊಳಗೆ ತಿರುಗುವ ಭಾಗವೇ ಆರ್ಮೇಚರ್. ಒಂದೇ ಆರ್ಮೇಚರ್ ಮೇಲೆ ಎರಡು ಥರ ಸುತ್ತು: ಬ್ಯಾಟರಿ ಕಡೆಗೆ ದಪ್ಪ ತಂತಿಯ ಕೆಲವೇ ಸುತ್ತು, ಇನ್ನೊಂದು ಕಡೆಗೆ ಬೆರಳಿಗೆ ತಾಗಿದ್ದೇ ಗೊತ್ತಾಗದಷ್ಟು ಸಣ್ಣ ತಂತಿಯ ರಾಶಿ ಸುತ್ತು. ಎಲ್ಲ ಜೋಡಿಸಿ ಸ್ವಿಚ್ ಹಾಕಿದಾಗ ಅದು ಗುಂಯ್ ಅಂತ ಎದ್ದು, ಸ್ವಲ್ಪ ಹೊತ್ತು ಓಡಿ, ಹೊಗೆ ಬಿಟ್ಟಿತು. ಎಂಬತ್ತು ವರ್ಷದ ಹಳೇ ಇನ್ಸುಲೇಷನ್. ಅದರ ಆಯುಸ್ಸು ಮುಗಿದಿತ್ತು.

ಬೇರೆ ಆರ್ಮೇಚರ್ ಇಲ್ಲಿ ಎಲ್ಲಿ ಸಿಗಬೇಕು? ಕಾಕಾ ಹತ್ತಿರ ಹೋದೆ. ಅದು ಏಪ್ರಿಲ್. ಬೋರ್‌ವೆಲ್ ಮೋಟರ್‌ಗಳು ಸಾಲಾಗಿ ಸುಟ್ಟು ಬರುವ ಕಾಲ. ಜಗಳೂರು, ಚನ್ನಗಿರಿ ಕಡೆಯ ರೈತರು ತೋಟ ಒಣಗುತ್ತಿದೆ ಅಂತ ಅಂಗಡಿ ಮುಂದೆಯೇ ಕೂತಿದ್ದರು. ಕಾಕಾ ಆರ್ಮೇಚರನ್ನು ಕೈಯಲ್ಲಿ ಹಿಡಿದು, ಮೂಸಿ ನೋಡಿ, “ಹಗಲು ರೈತರದ್ದು, ರಾತ್ರಿ ನಿನ್ನದು” ಅಂದರು. ನನಗೆ ಅದು ಬಹಳ ಸರಿ ಅನಿಸಿತು. ಈಗಲೂ ಅನಿಸುತ್ತದೆ.

ಅದೇ ವಾರ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದು. ಆ ಒಂದು ರಾತ್ರಿ ನಿಮ್ಮಲ್ಲಿ ಕೆಲವರಿಗೆ ಗೊತ್ತು. “ಬೆಳಗಾಗಲಿ, ನೋಡೋಣ” ಅಂದು ಡಾಕ್ಟರ್ ಒಳಗೆ ಹೋದರು. ಅಕ್ಕ ಪುಣೆಯಿಂದ ಬಸ್ಸಿನಲ್ಲಿದ್ದಳು. ಅಮ್ಮನನ್ನು ಮನೆಗೆ ಕಳಿಸಿದ್ದೆ. ಐಸಿಯು ಹೊರಗಿನ ಬೆಂಚಿನಲ್ಲಿ ನಾನೊಬ್ಬನೇ. ಹತ್ತು ಗಂಟೆ ದಾಟಿದ ಮೇಲೆ ಕಾಕಾ ಬಂದರು. ಕೈಯಲ್ಲಿ ಒಂದು ಸ್ಟೀಲ್ ಟಿಫಿನ್ ಡಬ್ಬಿ. ಊಟ ತಂದಿದ್ದಾರೆ ಅಂದುಕೊಂಡೆ. ಮೇಲಿನ ಡಬ್ಬಿಯಲ್ಲಿ ಊಟವೇ ಇತ್ತು, ರೊಟ್ಟಿ, ಶೇಂಗಾ ಚಟ್ನಿ. ಕೆಳಗಿನ ಡಬ್ಬಿಯಲ್ಲಿ ನಮ್ಮ ಆರ್ಮೇಚರಿನಿಂದ ಕತ್ತರಿಸಿ ತೆಗೆದ ಸುಟ್ಟ ತಂತಿಯ ಕಂತೆಗಳು, ತಂತಿ ಕೂರುವ ಒಂದೊಂದು ಸ್ಲಾಟಿನದು (ಸೀಳಿನದು) ಒಂದೊಂದು, ದಾರ ಕಟ್ಟಿ ಇಟ್ಟಿದ್ದವು.

ಹೊಸದಾಗಿ ಸುತ್ತಬೇಕಾದರೆ ಹಳೇದರಲ್ಲಿ ಎಷ್ಟು ಸುತ್ತು ಇತ್ತು ಅಂತ ತಿಳಿಯಬೇಕು. ಕತ್ತರಿಸಿದ ತುದಿಗಳನ್ನು ಎಣಿಸಿದರೆ ಅದು ಗೊತ್ತಾಗುತ್ತದೆ. ಕಾಕಾ ಕನ್ನಡಕ ಹಣೆಗೆ ಏರಿಸಿ, ಗೋಣಿ ಹೊಲಿಯುವ ದಬ್ಬಳದ ತುದಿಯಿಂದ ಒಂದೊಂದೇ ಎಳೆ ಬಿಡಿಸಿ ಪಕ್ಕಕ್ಕೆ ತಳ್ಳುತ್ತಾ ಹೋದರು. ಐದೈದಕ್ಕೆ ಒಂದು ಗೆರೆ ಹಾಕುವುದು ನನ್ನ ಕೆಲಸ. ಕಾಗದ ಇರಲಿಲ್ಲ, ಔಷಧಿ ಬಿಲ್ಲಿನ ಹಿಂಭಾಗದಲ್ಲಿ ಹಾಕಿದೆ. ವಾರ್ನಿಷ್ ಕರಗಿ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೆರಳೆಲ್ಲ ಕಪ್ಪು. ಒಂದು ಕಂತೆ ಮುಗಿದರೆ ಮತ್ತೆ ಅದನ್ನೇ ಎಣಿಸಬೇಕು, ಎರಡೂ ಲೆಕ್ಕ ತಾಳೆಯಾದರೆ ಮುಂದಿನದು.

ನಡುರಾತ್ರಿ ಒಳಗಿನಿಂದ ನರ್ಸ್ ಓಡಿ ಬಂದು ಮತ್ತೆ ಓಡಿ ಒಳಗೆ ಹೋದರು. ನನಗೆ ತಡೆಯಲಾಗಲಿಲ್ಲ. ಅಪ್ಪನೇ ಇಲ್ಲದಿದ್ದರೆ ಈ ಗಾಡಿ ಯಾರಿಗೆ, ಈ ತಂತಿ ಯಾರಿಗೆ ಅಂತ ಬಾಯಿಬಿಟ್ಟು ಅತ್ತೆ. ಜೀಪು, ಸೆಟ್ಟು ಎಲ್ಲ ಮಾರಿಬಿಡ್ತೀನಿ ಕಾಕಾ ಅಂದೆ. ಸಮಾಧಾನದ ಮಾತು ಅವರು ಒಂದೂ ಆಡಲಿಲ್ಲ. ನನ್ನ ಕೈಗೆ ಪೆನ್ನು ವಾಪಸ್ ಕೊಟ್ಟು, “ಬೆಳಗ್ಗೆ ಮಾರು. ಈಗ ಗೆರೆ ಹಾಕು” ಅಂದರು.

ಹಾಕಿದೆ. ಆ ರಾತ್ರಿ ನಾನು ಉಸಿರಾಡಿದ್ದೇ ಆ ಗೆರೆಗಳಿಂದ. ಆ ಲೆಕ್ಕ ಅಷ್ಟು ಅರ್ಜೆಂಟ್ ಇರಲಿಲ್ಲ, ಅಂಗಡಿಯಲ್ಲಿ ಕೂತು ಒಬ್ಬರೇ ಮಾಡಬಹುದಿತ್ತು. ನನಗೆ ಅದು ಗೊತ್ತಾದದ್ದು ತುಂಬಾ ದಿನ ಆದ ಮೇಲೆ. ಬೆಳಗ್ಗೆ ಅಕ್ಕ ಬಂದಳು, ಡಾಕ್ಟರ್ ಹೊರಗೆ ಬಂದು ಒಳ್ಳೆ ಮಾತು ಹೇಳಿದರು. ಕಾಕಾ ಟಿಫಿನ್ ಡಬ್ಬಿ ಮುಚ್ಚಿ ಅಂಗಡಿ ತೆಗೆಯಲು ಹೋದರು. ರೈತರು ಕಾಯುತ್ತಿದ್ದರು. ದುಡ್ಡು ಎಷ್ಟು ಅಂತ ಆಮೇಲೆ ಕೇಳಿದ್ದಕ್ಕೆ ತಂತಿಯ ಖರ್ಚು ಮಾತ್ರ ತಗೊಂಡರು. ಕಾಕಾ, ನಿಮ್ಮ ಋಣ ಇದೆ. ತೀರಿಸುತ್ತೇನೆ ಅಂತ ಹೇಳುವ ಧೈರ್ಯ ನನಗಿಲ್ಲ, ಇದೆ ಅಂತ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ಉಳಿದವರೂ ಕಡಿಮೆ ಮಾಡಿಲ್ಲ. ಸೆಟ್ಟಿನ ಬೋಲ್ಟುಗಳದ್ದು ಬಿ.ಎ. ಥ್ರೆಡ್, ಹಳೇ ಬ್ರಿಟಿಷ್ ಅಳತೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ಹರಿಹರದ ಮಾಮ ಒಂದೊಂದನ್ನೂ ಲೇತಿನಲ್ಲಿ ಕತ್ತರಿಸಿ ಕೊಟ್ಟರು. ಅವರು ಕೆಲಸ ಕಲಿತದ್ದು ಮೈಸೂರು ಕಿರ್ಲೋಸ್ಕರ್‌ನಲ್ಲಿ. ಆ ಲೇತ್ ಕಾರ್ಖಾನೆ ಶುರುವಾದದ್ದೂ ಯುದ್ಧದ ಕಾಲದಲ್ಲೇ, 1941ರಲ್ಲಿ. ಹ್ಯಾಮ್ ಗೆಳೆಯ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವನು, ಕರೆಂಟ್ ಸೋರುತ್ತಿದ್ದ ಪೇಪರ್ ಕಂಡೆನ್ಸರ್‌ಗಳನ್ನೆಲ್ಲ ಬದಲಿಸಿದ. ಲೈಸೆನ್ಸ್ ಇರುವುದು ಅವನಿಗೆ, ಟ್ರಾನ್ಸ್‌ಮಿಟ್ ಮಾಡುವುದೂ ಅವನೊಬ್ಬನೇ. ಬಾನೆಟ್ಟಿನಿಂದ ಗಾಡಿಯ ಬಾಡಿಯವರೆಗೆ ತಾಮ್ರದ ಹೆಣೆದ ಪಟ್ಟಿ, ಹಲ್ಲಿನ ವಾಷರ್ ಹಾಕಿ ಕಿಡಿಯ ಪಟಪಟ ನಿಲ್ಲಿಸಿದ ಎಲೆಕ್ಟ್ರಿಷಿಯನ್ ತಮ್ಮ, ಕ್ಯಾನ್ವಾಸ್ ಹೊಲಿದ ಟೇಲರ್, ಪೇಂಟರ್, ತೋಟ ನೋಡಿಕೊಂಡ ಚಿಕ್ಕಪ್ಪ, ನನ್ನ ಸಿಟ್ಟು ಸಹಿಸಿದ ಮನೆಯವಳು, ನಿಮಗೆಲ್ಲ ಕೈ ಮುಗಿದೆ.

ಊರಲ್ಲಿ ರೇಡಿಯೋಗೆ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗಲಾಟೆ ಜಾಸ್ತಿ ಅಲ್ವಾ, ಅದಕ್ಕೇ ಭಾನುವಾರ ಬೆಳಗ್ಗೆ ಚಿತ್ರದುರ್ಗದ ದಾರಿಯಲ್ಲಿ ಭರಮಸಾಗರದ ಆಚೆ ಹೋದೆವು. ಸೆಟ್ಟು 2ರಿಂದ 8 ಮೆಗಾಹರ್ಟ್ಸ್‌ವರೆಗೆ ಕೇಳುತ್ತದೆ, ಹ್ಯಾಮ್‌ಗಳ 7 ಮೆಗಾಹರ್ಟ್ಸ್ ಅದರೊಳಗೇ ಬರುತ್ತದೆ. ಅಪ್ಪ ಹಿಂದೆ ಕೂತು, ಮಂಕಿ ಕ್ಯಾಪ್ ಮೇಲೆಯೇ ಹೆಡ್‌ಫೋನ್ ಏರಿಸಿಕೊಂಡರು. ಮೊದಲು ಬಾತುಕೋಳಿ ಕೂಗಿದ ಹಾಗೆ ಏನೋ ಬಂತು. ಗೆಳೆಯ ದನಿ ಸರಿಹೊಂದಿಸುವ ಹೆಟ್ ಟೋನ್ ಗುಂಡಿಯನ್ನು ಒಂದು ಚೂರು ತಿರುಗಿಸಿದ, ಬಾತುಕೋಳಿ ಹೋಗಿ ಮನುಷ್ಯರ ದನಿ ಬಂತು. ಬೆಂಗಳೂರಿನವರು ಯಾರೋ ಯಾರಿಗೋ ಅಲ್ಲಿಯ ಮಳೆಯ ಸುದ್ದಿ ಹೇಳುತ್ತಿದ್ದರು. ಎಂಜಿನ್ ಓಡುತ್ತಲೇ ಇತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ, ಪಕ್ಕದಲ್ಲಿ ನಿಂತಿದ್ದ ಕಾಕಾನ ಕೈ ಹಿಡಿದುಕೊಂಡು, “ಚೆನ್ನಾಗಿ ಸುತ್ತಿದ್ದೀರಿ” ಅಂದರು.

ಇನ್ನೊಂದು ವಿಷಯ. ಆ ಬಿಲ್ಲಿನ ಹಿಂದಿನ ಲೆಕ್ಕ, ತಂತಿಯ ಗೇಜ್ (ದಪ್ಪ), ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಅನ್ನುವುದೆಲ್ಲವನ್ನೂ ಈಗ ನೀಟಾಗಿ ನೋಟ್‌ಬುಕ್ಕಿಗೆ ಇಳಿಸಿದ್ದೇನೆ. ಯಾರ ಹತ್ತಿರವಾದರೂ 19 ಸೆಟ್ಟಿನ ಸುಟ್ಟ ಆರ್ಮೇಚರ್ ಇದ್ದರೆ ಕೇಳಿ, ಫೋಟೋ ಕಳಿಸುತ್ತೇನೆ. ಸುತ್ತಿಕೊಡುವುದಕ್ಕೆ ಕಾಕಾನೂ ಒಪ್ಪಿದ್ದಾರೆ. ಬೇಸಿಗೆಯಲ್ಲಿ ಮಾತ್ರ ತರಬೇಡಿ, ಮಳೆ ಹಿಡಿದ ಮೇಲೆ ತನ್ನಿ.