ಗ್ರೇಡ್ ನಂಬರ್ ಅದೇ, ಒಳಗಿನ ಕ್ಯಾಟಲಿಸ್ಟ್ ಬೇರೆ: ನಾಲ್ಕು ಕ್ಯಾನ್ ವಾಪಸ್ ಪಡೆಯುವ ಬಗ್ಗೆ

ಇವರಿಗೆ: ಮಾರಾಟ ವಿಭಾಗದ ಮುಖ್ಯಸ್ಥರು
ಇವರಿಂದ: ಲ್ಯಾಬ್ ಇನ್‌ಚಾರ್ಜ್, ಕಾಯಿಲ್ ಪ್ರೈಮರ್ ತಯಾರಿಕಾ ಘಟಕ, ಪೀಣ್ಯ, ಬೆಂಗಳೂರು

ಮಾನ್ಯರೇ,

ನಮ್ಮ ಪ್ರೈಮರ್, ಅಂದರೆ ತಗಡಿಗೆ ಹಚ್ಚುವ ಮೊದಲ ಪದರ, ಓವನ್‌ನಲ್ಲಿ ಬೇಗ ಗಟ್ಟಿಯಾಗಲು ಹಾಕುವ ಬ್ಲಾಕ್ಡ್ ಆಸಿಡ್ ಕ್ಯಾಟಲಿಸ್ಟನ್ನು (ಶಾಖ ತಗುಲುವವರೆಗೆ ಕೆಲಸ ಮಾಡದಂತೆ ಕಟ್ಟಿಟ್ಟ ಆಸಿಡ್) ಆರು ವರ್ಷದಿಂದ ನಿಮ್ಮಿಂದಲೇ ತರಿಸುತ್ತಿದ್ದೇವೆ. ಇದು ನಾವು ಬರೆಯುತ್ತಿರುವ ಮೊದಲ ದೂರು.

ಕಳೆದ ತಿಂಗಳು ಬಂದ ನಾಲ್ಕು ಕ್ಯಾನ್‌ಗಳಲ್ಲಿ ಇದ್ದದ್ದು ನಾವು ಕೇಳಿದ ಮಾಲಲ್ಲ. ಲೇಬಲ್ ಅದೇ, ಗ್ರೇಡ್ ನಂಬರ್ ಅದೇ, ದರವೂ ಅದೇ. ಆದರೆ ಮುಚ್ಚಳ ತೆಗೆದ ಕೂಡಲೇ ಮೀನಿನಂಥ ವಾಸನೆ ಮೂಗಿಗೆ ಹೊಡೆಯಿತು. ಮಿಕ್ಸಿಂಗ್ ಮಾಡುವ ಹುಡುಗ "ಸಾರ್, ಇದು ನಮ್ಮದಲ್ಲ" ಅಂದ. ನಿಮ್ಮ ಸರ್ಟಿಫಿಕೇಟ್ ನಂಬಿ ನಾನೇ ಬ್ಯಾಚ್ ಹಾಕಿಸಿದೆ. ಅವನು ಹೇಳಿದ್ದೇ ಸರಿ. ಅದು ಅಮೀನ್ (ಅಮೋನಿಯಾ ಜಾತಿಯ ರಾಸಾಯನಿಕ) ವಾಸನೆ. ನಮ್ಮ ಆರ್ಡರ್‌ನಲ್ಲಿ ಇದ್ದದ್ದು ಎಪಾಕ್ಸಿಯಿಂದ ಬ್ಲಾಕ್ ಮಾಡಿದ ಡಿಎನ್‌ಎನ್‌ಡಿಎಸ್‌ಎ (ಡೈನೋನೈಲ್ ನ್ಯಾಫ್ತಲೀನ್ ಡೈಸಲ್ಫೋನಿಕ್ ಆಸಿಡ್). ನೀವು ಕಳಿಸಿದ್ದು ಅಮೀನ್‌ನಿಂದ ಬ್ಲಾಕ್ ಮಾಡಿದ ಪಿಟಿಎಸ್‌ಎ (ಪ್ಯಾರಾ ಟೊಲೂಯೀನ್ ಸಲ್ಫೋನಿಕ್ ಆಸಿಡ್) ಅಂತ ನಿಮ್ಮ ಟೆಕ್ನಿಕಲ್ ವಿಭಾಗದವರೇ ಆಮೇಲೆ ಫೋನಿನಲ್ಲಿ ಒಪ್ಪಿಕೊಂಡರು.

"ಎರಡೂ ಸಲ್ಫೋನಿಕ್ ಆಸಿಡ್ ತಾನೆ, ಡೋಸ್ ಸ್ವಲ್ಪ ಜಾಸ್ತಿ ಮಾಡಿ" ಎಂದೂ ಅವರು ಹೇಳಿದರು. ಈ ಮಾತು ನನಗೆ ತುಂಬಾ ಬೇಸರ ತಂದಿದೆ. ಸುರುಳಿ ಬಿಚ್ಚಿದ ತಗಡಿಗೆ ಓಡುತ್ತಿರುವಾಗಲೇ ಪೇಂಟ್ ಹಚ್ಚುವ ಕಾಯಿಲ್ ಲೈನಿನಲ್ಲಿ ನಮ್ಮ ಪ್ರೈಮರ್ 5 ಮೈಕ್ರಾನ್ ದಪ್ಪ ಕೂರುತ್ತದೆ. ಓವನ್‌ನಲ್ಲಿ ಸಿಗುವುದು ಸುಮಾರು 30 ಸೆಕೆಂಡ್. ತಗಡಿನ ಶಾಖ 224 ಡಿಗ್ರಿ ಮುಟ್ಟುವಷ್ಟರಲ್ಲಿ ಪ್ರೈಮರ್‌ನಲ್ಲಿರುವ ಪಾಲಿಯೆಸ್ಟರ್, ಮೆಲಮೈನ್ ರಾಳಗಳೆರಡೂ ಹೆಣೆದುಕೊಂಡು ಮುಗಿಯಬೇಕು. ಆ ಕೆಲಸ ಮಾಡಿಸುವುದೇ ಆಸಿಡ್. ಅದನ್ನು ಹಾಗೇ ಬಿಟ್ಟರೆ ಡ್ರಮ್‌ನಲ್ಲೇ ಕೆಲಸ ಶುರುಮಾಡುತ್ತದೆ, ಪ್ರೈಮರ್ ಗಟ್ಟಿಯಾಗುತ್ತದೆ. ಅದಕ್ಕೇ ಅದರ ಬಾಯಿ ಕಟ್ಟಿ ಇಡುವುದು. ಅಮೀನ್ ಹಾಕಿದ್ದು ಆಸಿಡ್ ಜೊತೆ ಸೇರಿ ಆಗುವ ಬರೀ ಲವಣದ ಕಟ್ಟು, ಸಡಿಲ. ನಮ್ಮ ಹಳದಿ ಪ್ರೈಮರ್‌ನಲ್ಲಿರುವ, ತುಕ್ಕು ತಡೆಯುವ ಸ್ಟ್ರಾನ್ಷಿಯಂ ಕ್ರೋಮೇಟ್ ಸ್ವಲ್ಪ ಕ್ಷಾರ ಗುಣದ್ದು. ಸಡಿಲ ಕಟ್ಟಿನ ಆಸಿಡನ್ನು ಅದು ಡ್ರಮ್‌ನಲ್ಲೇ ತಿಂದುಹಾಕುತ್ತದೆ. ಎಪಾಕ್ಸಿಯದು ಹಾಗಲ್ಲ, ಗಟ್ಟಿ ಬಂಧ, ಓವನ್ ಶಾಖ ತಗುಲಿದಾಗಲೇ ಬಿಚ್ಚುವುದು.

ಹೊಸ ಬ್ಯಾಚಿನ ಪ್ಯಾನೆಲ್ ಮೇಲೆ ಪೇಂಟ್ ಸರಿಯಾಗಿ ಗಟ್ಟಿಯಾಗಿದೆಯೇ ನೋಡಲು ನಾನೇ ಎಂಇಕೆ ಎಂಬ ದ್ರಾವಕದಲ್ಲಿ ಅದ್ದಿದ ಬಟ್ಟೆ ಹಿಡಿದು ಉಜ್ಜಿದೆ. ಮೊದಲು 100 ಡಬಲ್ ರಬ್‌ಗೂ (ಒಮ್ಮೆ ಹಿಂದೆ ಮುಂದೆ ಉಜ್ಜಿದರೆ ಒಂದು) ಜಗ್ಗುತ್ತಿರಲಿಲ್ಲ. ಈಗ ಇಪ್ಪತ್ತಕ್ಕೇ ಬಟ್ಟೆಗೆ ಅರಿಶಿನ ಬಳಿದ ಹಾಗೆ ಬಣ್ಣ ಹತ್ತಿತು. 38ಕ್ಕೆ ತಗಡು ಕಂಡಿತು.

ಟಾಪ್‌ಕೋಟ್ ಹಾಕಿದ ಪ್ಯಾನೆಲ್‌ಗಳಿಗೆ ಗೀರು ಹಾಕಿ ಸಾಲ್ಟ್ ಸ್ಪ್ರೇಗೂ, ಅಂದರೆ ಉಪ್ಪುನೀರು ಸಿಂಪಡಿಸುವ ತುಕ್ಕು ಪರೀಕ್ಷೆಗೂ, ಇಟ್ಟೆವು. 5 ಶೇಕಡಾ ಉಪ್ಪುನೀರು, 35 ಡಿಗ್ರಿ. ಹಳೆಯ ಮಾಲಿನ ಪ್ಯಾನೆಲ್ 500 ಗಂಟೆ ದಾಟಿಯೂ ನೆಟ್ಟಗಿತ್ತು. ಇದರಲ್ಲಿ 240 ಗಂಟೆಗೇ ಗೀರಿನ ಎರಡೂ ಬದಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿವೆ. ಒಂದನ್ನು ಉಗುರಿನಿಂದ ಒತ್ತಿದೆ, ನೀರು ಬಂತು. ಪಿಟಿಎಸ್‌ಎ ಚಿಕ್ಕ ಅಣು, ನೀರಿನಲ್ಲಿ ಕರಗುತ್ತದೆ. ಪೇಂಟ್ ಪದರದಲ್ಲೇ ಉಳಿದು ನೀರನ್ನು ಒಳಗೆ ಎಳೆಯುತ್ತದೆ. ಡಿಎನ್‌ಎನ್‌ಡಿಎಸ್‌ಎಗೆ ಒಂಬತ್ತು ಕಾರ್ಬನ್‌ನ ಎರಡು ಬಾಲಗಳಿವೆ, ಅದಕ್ಕೆ ನೀರು ಆಗಿಬರುವುದಿಲ್ಲ. ಹೀಗಿರುವಾಗ ಡೋಸ್ ಜಾಸ್ತಿ ಮಾಡಿದರೆ ಗುಳ್ಳೆಯೂ ಜಾಸ್ತಿ, ಅಲ್ವಾ?

ನಮ್ಮ ಪ್ರೈಮರ್ ಹಚ್ಚಿದ ಶೀಟ್ ಹೆಚ್ಚಾಗಿ ಹೋಗುವುದು ಕುಂದಾಪುರ, ಹೊನ್ನಾವರದ ಕಡೆಗೆ. ಅಲ್ಲಿ ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಸಾಲ ಮಾಡಿ ಮನೆಗೆ ಶೀಟಿನ ಮಾಡು ಹಾಕಿಸಿದವರಲ್ಲಿ ಸ್ಕ್ರೂ ತೂತಿನ ಸುತ್ತ ಪೇಂಟ್ ಏಳಲು ಶುರುವಾದರೆ ಅವರಿಗೆ ನಾನು ಏನು ಹೇಳಲಿ? ಪುಣ್ಯಕ್ಕೆ ಈ ಬ್ಯಾಚ್ ಹೊರಗೆ ಹೋಗಿಲ್ಲ. ಒಟ್ಟು 600 ಲೀಟರ್ ಪ್ರೈಮರ್ ಡ್ರಮ್‌ಗಳಲ್ಲೇ ನಿಂತಿದೆ.

ನಾಲ್ಕು ಕ್ಯಾನ್ ವಾಪಸ್ ತೆಗೆದುಕೊಂಡು ಆರ್ಡರ್‌ನಲ್ಲಿದ್ದ ಮಾಲನ್ನೇ 10 ದಿನದೊಳಗೆ ಕಳಿಸಿ. ಹಾಳಾದ ಬ್ಯಾಚಿನ ಖರ್ಚು ನೀವೇ ಭರಿಸಬೇಕು, ಲೆಕ್ಕ ಜೊತೆಗಿದೆ. ನಿಮ್ಮ ಸರ್ಟಿಫಿಕೇಟ್‌ನಲ್ಲಿ ಸಾಲಿಡ್ಸ್ (ದ್ರಾವಕ ಆರಿದ ಮೇಲೆ ಉಳಿಯುವ ಭಾಗ) ಮತ್ತು ಆಸಿಡ್ ಪ್ರಮಾಣ ಮಾತ್ರ ಇರುತ್ತದೆ. ಇನ್ನು ಮೇಲೆ ಯಾವ ಆಸಿಡ್, ಯಾವುದರಿಂದ ಬ್ಲಾಕ್ ಮಾಡಿದ್ದು ಎಂದೂ ಬರೆಯಬೇಕು. ಬದಲಾಯಿಸುವುದಿದ್ದರೆ ಮೊದಲು ಸ್ಯಾಂಪಲ್ ಕಳಿಸಿ, ನಾವು ಟೆಸ್ಟ್ ಮಾಡಿ ಒಪ್ಪಿದ ಮೇಲೆ ಮಾಲು ಕಳಿಸಿ.

ಗುಳ್ಳೆ ಎದ್ದ ಆರು ಪ್ಯಾನೆಲ್‌ಗಳನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ. ಫೋಟೋ ಕಳಿಸುತ್ತಿಲ್ಲ. ನಿಮ್ಮವರೇ ಒಬ್ಬರು ಬಂದು ಕೈಯಲ್ಲಿ ಹಿಡಿದು ನೋಡಲಿ.

ಇತಿ,
ಲ್ಯಾಬ್ ಇನ್‌ಚಾರ್ಜ್