ಉದುರಿದ ಕಾಯಿ ಕೊಳೆಯುವ ಮೊದಲೇ ಎಣಿಸಿ

ಮಾನ್ಯ ತೋಟಗಾರಿಕೆ ಸಚಿವರಿಗೆ,

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರನೊಬ್ಬನ ನಮಸ್ಕಾರಗಳು.

ಕಳೆದ ವಾರ ನಮ್ಮ ಕಡೆ ಹವಾಮಾನ ದಿನಕ್ಕೊಂದು ಬಗೆಯಾಗಿತ್ತು. ಮೊದಲು ಸುಡುಬಿಸಿಲು, ಆಮೇಲೆ ಉಸಿರುಗಟ್ಟಿಸುವ ಸೆಕೆ. ವಾರದ ನಡುವೆ ಒಂದು ಸಂಜೆ ಬಿರುಗಾಳಿ, ಅದರ ಬೆನ್ನಿಗೇ ಆಲಿಕಲ್ಲು. ಮರುದಿನದಿಂದ ಮೋಡ, ತಂಪು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾ ರಾಗಿ ಹೊಲದವರು ಉಳುಮೆಗೆ ಇಳಿದರು. ಅವರ ಸಂತೋಷಕ್ಕೆ ನಮ್ಮ ತಕರಾರಿಲ್ಲ. ಆದರೆ ಇದು ಬಾದಾಮಿ ಮಾವು ಕೊಯ್ಲಿಗೆ ಬರುವ, ತೋತಾಪುರಿ ಇನ್ನೂ ಬಲಿಯಬೇಕಾದ ಹೊತ್ತು.

ಗಾಳಿಗೆ ಬಿದ್ದ ಕಾಯಿ ಕಣ್ಣಿಗಾದರೂ ಕಾಣುತ್ತದೆ. ಆಲಿಕಲ್ಲಿನ ಏಟು ತಿಂದು ಮರದಲ್ಲೇ ಉಳಿದದ್ದು ಆಮೇಲೆ ಕಪ್ಪಾಗಿ ಕೊಳೆಯುತ್ತದೆ. ತೇವ ಹೆಚ್ಚಿದಂತೆ ಕಾಯಿಗೆ ಕಪ್ಪು ಚುಕ್ಕೆ ತರುವ ಚಿಬ್ಬು ರೋಗವೂ ಹಣ್ಣಿನಲ್ಲಿ ಮೊಟ್ಟೆಯಿಡುವ ಊಜಿ ನೊಣವೂ ಹೆಚ್ಚುತ್ತವೆ.

ಈಗ ನಮ್ಮ ಇಕ್ಕಟ್ಟು ಕೇಳಿ. ಉದುರಿದ ಕಾಯಿಯನ್ನು ತೋಟದಲ್ಲಿ ಬಿಟ್ಟರೆ ನೊಣ ಹೆಚ್ಚುತ್ತದೆ, ಆಯ್ದು ಹೂತುಬಿಡಿ ಎಂದು ತೋಟಗಾರಿಕೆಯವರೇ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಸರ್ಕಾರದ ಪರಿಹಾರ ಬೇಕಾದರೆ ಹಾನಿ ಶೇ 33 ದಾಟಿರಬೇಕು, ಅದನ್ನು ಕಂದಾಯ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆಯವರು ಬಂದು ನೋಡಬೇಕು. ಅವರು ಬರುವಷ್ಟರಲ್ಲಿ ತೋಟ ಗುಡಿಸಿಟ್ಟಷ್ಟು ಚೊಕ್ಕಟ. ಹೇಳಿದಂತೆ ಕೇಳಿದ ರೈತನ ಬಳಿ ಸಾಕ್ಷಿಯೇ ಇಲ್ಲ! ಪರಿಹಾರದ ಮೊತ್ತದ ಬಗ್ಗೆ ಇನ್ನೊಮ್ಮೆ ಜಗಳವಾಡೋಣ.

ವಿಮೆ ಇದೆಯಲ್ಲ ಎನ್ನಬಹುದು. ಅದು ನಿಂತಿರುವುದು ಹವಾಮಾನದ ಅಂಕಿಗಳ ಮೇಲೆ. ಗ್ರಾಮ ಪಂಚಾಯಿತಿಯ ಮಳೆಮಾಪಕಕ್ಕೆ ಸಿಗುವುದು ಮಳೆ, ಕೊಂಬೆ ಮುರಿದ ಗಾಳಿಯಲ್ಲ.

ರೈತರೇ ಮೊಬೈಲ್‌ನಲ್ಲಿ ಬೆಳೆ ಸಮೀಕ್ಷೆ ಮಾಡುವ ವ್ಯವಸ್ಥೆ 2020ರಿಂದ ಇದೆ. ಬಿರುಗಾಳಿಯ ಮರುದಿನವೇ ಅದೇ ಆ್ಯಪ್‌ನಲ್ಲಿ ಹಾನಿಯ ಫೋಟೊ ಹಾಕಲು ಅವಕಾಶ ಕೊಡಿ, ಅದನ್ನೇ ಸಾಕ್ಷಿಯೆಂದು ಒಪ್ಪುವಂತೆ ಕಂದಾಯ ಸಚಿವರೊಡನೆ ಮಾತಾಡಿ. ಹೂವಿನಲ್ಲೇ ತೋಟ ಗುತ್ತಿಗೆ ಹಿಡಿದು ಹಣ ಸುರಿದವರ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಅವರ ಗತಿಯೇನು ಎಂಬುದನ್ನೂ ಯೋಚಿಸಿ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆ ನಮ್ಮ ತೋತಾಪುರಿಯನ್ನು ಒಳಗೆ ಬಿಡದೆ ತಡೆದಾಗ ಸರ್ಕಾರ ದೆಹಲಿಯವರೆಗೂ ಪತ್ರ ಬರೆದಿತ್ತು. ಈ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ವಿಧಾನಸೌಧದಲ್ಲೇ ಮುಗಿಯುತ್ತದೆ.

ಕೃತ್ತಿಕೆ ಮಳೆ ಇನ್ನೂ ಬಾಕಿ ಇದೆ. ಅದಕ್ಕೂ ಮೊದಲು ಸುತ್ತೋಲೆ ಹೊರಡಿಸಿ.

ಇಂತಿ,
ಒಬ್ಬ ಮಾವು ಬೆಳೆಗಾರ